ನನ್ನ ಕಾಲು, ಅವರ ಸ್ಟೂಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾರ ಸಲಹೆಯೂ ಬೇಡ. ಹರಳೆಣ್ಣೆ ಹಚ್ಚಿ ಆಗಿದೆ. ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ಅದ್ದಿ ಕೂತದ್ದೂ ಆಗಿದೆ. ತಲೆ ಹಾಕುವ ದಿಕ್ಕು ಬದಲಿಸಿದ್ದು, ಹಾಸಿಗೆಯ ಕೆಳಗೆ ಕುಡುಗೋಲು ಇಟ್ಟುಕೊಂಡದ್ದು, ಮನೆದೇವರಿಗೆ ಹರಕೆ ಹೊತ್ತದ್ದು, ಹಳೇ ಸೀರೆಯ ಅಂಚು ಹರಿದು ಮೀನಖಂಡಕ್ಕೆ ರಕ್ತ ನಿಲ್ಲುವ ಹಾಗೆ ಬಿಗಿದುಕೊಂಡದ್ದು, ಎಲ್ಲವೂ ಆಗಿದೆ. ಸಲಹೆ ಕೊಟ್ಟವರೆಲ್ಲ ಅವರವರ ಮನೆಗೆ ಹೋಗಿ ಗೊರಕೆ ಹೊಡೆದರು. ನಾನು ಬಾಗಲಗುಂಟೆಯ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆಯುತ್ತಿದ್ದೆ.

ಏನಾಗುತ್ತದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ನೋವಾಗಿದ್ದರೆ ಹೇಳುತ್ತಿದ್ದೆ. ಎರಡು ಹೆತ್ತವಳಿಗೆ, ಕಾರ್ಖಾನೆಯಲ್ಲಿ ಬೆರಳು ಕೊಯ್ದುಕೊಂಡು ಹೊಲಿಗೆ ಹಾಕಿಸಿಕೊಂಡವಳಿಗೆ ನೋವು ಏನೆಂದು ಗೊತ್ತಿಲ್ಲವೇ? ಇದು ನೋವಲ್ಲ. ಸೋಡಾ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ ಮುಚ್ಚಳ ತೆಗೆಯದೇ ಇಟ್ಟರೆ ಹೇಗಿರುತ್ತದೋ ಹಾಗೆ ಮೂಳೆಯ ಒಳಗೆ ಏನೋ ಬುಸುಗುಡುತ್ತದೆ. ಕಾಲು ಒದರಿದರೆ, ಎದ್ದು ನಾಲ್ಕು ಹೆಜ್ಜೆ ನಡೆದರೆ ನಿಲ್ಲುತ್ತದೆ. ಮತ್ತೆ ಮಲಗಿದರೆ ಮತ್ತೆ ಶುರು. ಹಗಲೆಲ್ಲ ಸಾಧುವಾಗಿರುವ ಕಾಲು ದೀಪ ಹಚ್ಚುವ ಹೊತ್ತಿಗೆ ದೆವ್ವ ಹಿಡಿದಂತೆ ಆಡುತ್ತದೆ. ಬೆಳಗಿನ ಜಾವ ಹಾಲಿನವನ ಗಾಡಿ ಬರುವಾಗ ತಾನಾಗಿಯೇ ತಣ್ಣಗಾಗುತ್ತದೆ. ಆಗ ನನಗೆ ಏಳುವ ಹೊತ್ತು.

ನಮ್ಮ ಯಜಮಾನರು ಲೇತ್ ಮಿಷನ್ನಿನ ಮೇಲೆ ಕೆಲಸ ಮಾಡುವ ಮನುಷ್ಯ. ಹಾಸಿಗೆಗೆ ಬೆನ್ನು ತಾಗಿದ ತಕ್ಷಣ ನಿದ್ದೆ. ಮೊದಮೊದಲು ತಮಾಷೆ ಮಾಡಿದರು. "ಏನೇ ಇದು, ರಾತ್ರಿಯೆಲ್ಲ ಸೈಕಲ್ ತುಳೀತೀಯಲ್ಲ, ಎಲ್ಲಿಗೆ ಹೊರಟಿದೀಯಾ?" ಅಂದರು. ಆಮೇಲೆ ಒಂದು ದಿನ ನನ್ನ ಕಾಲು ಅವರ ಮೊಣಕಾಲಿಗೆ ಬಲವಾಗಿ ಬಿತ್ತು. ತಮಾಷೆ ಅಲ್ಲಿಗೆ ಮುಗಿಯಿತು. ದಿಂಬು ಕಂಕುಳಲ್ಲಿ ಇಟ್ಟುಕೊಂಡು ಮುಂದಿನ ಕೋಣೆಗೆ ಹೋದರು. ಹೋದವರು ಅಲ್ಲೇ ಉಳಿದರು. ಒಳ್ಳೆಯದೇ ಆಯಿತು ಅಂದುಕೊಂಡೆ, ಆದರೆ ಹೊಟ್ಟೆ ಉರಿಯಿತು. ನನಗೆ ನಿದ್ದೆ ಇಲ್ಲದ ಮನೆಯಲ್ಲಿ ಇನ್ನೊಬ್ಬರು ಅಷ್ಟು ಚೆನ್ನಾಗಿ ನಿದ್ದೆ ಮಾಡುವುದನ್ನು ಕೇಳಿಸಿಕೊಳ್ಳುವುದು ಸಣ್ಣ ಶಿಕ್ಷೆಯಲ್ಲ.

ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ "ಒಂದು ಸೆಟ್ ಕೊಡಪ್ಪಾ" ಅಂದರೆ ಸಾಕು, ಏನು ಎತ್ತ ಎಂದು ಕೇಳುವುದಿಲ್ಲ. ಪೇಪರ್ ಚೂರಿನಲ್ಲಿ ಒಂದು ಬಿಳಿ, ಒಂದು ಗುಲಾಬಿ, ಒಂದು ಸಣ್ಣ ಹಳದಿ ಮಾತ್ರೆ ಸುತ್ತಿ ಕೊಡುತ್ತಾನೆ. ಬಿಳಿಯದು ನೋವಿಗೆ, ಗುಲಾಬಿ ಗ್ಯಾಸಿಗೆ, ಹಳದಿ ನಿದ್ದೆಗೆ. ಪೀಣ್ಯದಲ್ಲಿ ದುಡಿಯುವ ಅರ್ಧಕ್ಕರ್ಧ ಜನ ಈ ಸೆಟ್ಟಿನ ಮೇಲೆಯೇ ಬದುಕಿದ್ದಾರೆ. ಸೊಂಟಕ್ಕೂ ಅದೇ, ಜ್ವರಕ್ಕೂ ಅದೇ, ಗಂಡ ಹೊಡೆದದ್ದಕ್ಕೂ ಅದೇ. ನಾನೂ ನುಂಗಿದೆ. ತಲೆ ಭಾರವಾಯಿತು, ನಾಲಿಗೆ ಒಣಗಿತು, ಕಣ್ಣು ಮುಚ್ಚಿಕೊಂಡು ಬಂತು. ಕಾಲು ಮಾತ್ರ ಇನ್ನೂ ಜೋರಾಗಿ ಕುಣಿಯಿತು. ಅರ್ಧ ಹೆಣದ ಹಾಗೆ ಗೋಡೆ ಹಿಡಿದುಕೊಂಡು ನಡೆದಾಡುವುದು ಹೇಗಿರುತ್ತದೆ ಎಂದು ಆ ಹಳದಿ ಮಾತ್ರೆ ಕಲಿಸಿತು.

ಕೊನೆಗೆ ದೊಡ್ಡಾಸ್ಪತ್ರೆಗೆ ಹೋಗಿ, ಇಡೀ ಬೆಳಗ್ಗೆ ಸಾಲಿನಲ್ಲಿ ಕಾದು, ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ ತೋರಿಸಿದೆ. ಪುಣ್ಯಾತ್ಗಿತ್ತಿ, ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ಇದು ನೋವಲ್ಲ ಅಮ್ಮಾ, ನರದ್ದು. ಅದಕ್ಕೇ ನೋವಿನ ಮಾತ್ರೆ ಹತ್ತುತಾ ಇಲ್ಲ. ಆ ಹಳದೀದು ಅಲರ್ಜಿ ಮಾತ್ರೆ, ಅದರಿಂದ ಇನ್ನೂ ಜಾಸ್ತಿ ಆಗುತ್ತೆ. ಬಿಟ್ಬಿಡಿ."

"ಮತ್ತೆ ಇದೇನು ಕಾಯ್ಲೆ? ಹೆಸರು ಹೇಳಿ."

"ರೆಸ್ಟ್‌ಲೆಸ್ ಲೆಗ್ಸ್. ಅಂದ್ರೆ, ಚಡಪಡಿಸೋ ಕಾಲು."

"ಅದು ನಂಗೂ ಗೊತ್ತು ಕಣಮ್ಮ. ಕಾಯ್ಲೆ ಹೆಸರು ಹೇಳಿ ಅಂದೆ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಕ್ಯಾನ್ಸರ್ ಅಂದರೆ ಜನ ಅಯ್ಯೋ ಅನ್ನುತ್ತಾರೆ, ಶುಗರ್ ಅಂದರೆ ಸಿಹಿ ಬೇಡ ಅನ್ನುತ್ತಾರೆ. ಚಡಪಡಿಸುವ ಕಾಲು ಅಂತ ಯಾರ ಮುಂದೆ ಹೇಳಲಿ? ಚಿಕ್ಕವಳಿದ್ದಾಗ ಕೂತಲ್ಲಿ ಕಾಲು ಅಲ್ಲಾಡಿಸಿದರೆ ನಮ್ಮವ್ವ ತೊಡೆಗೆ ಪಟಾರನೆ ಬಾರಿಸುತ್ತಿದ್ದಳು. "ಹೆಣ್ಣೆಂಗ್ಸು ಅಂಗೆಲ್ಲ ಕಾಲಾಡುಸ್ಬಾರ್ದು, ಮನೆಗೆ ದರಿದ್ರ ಬತ್ತದೆ" ಅನ್ನುತ್ತಿದ್ದಳು. ಈಗ ಅದೇ ಕಾಯಿಲೆ ಎಂದರೆ ನಂಬುವವರು ಯಾರು? ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಮ್ಮಿ ಇದೆ ಅಂತ ಮಾತ್ರೆ ಬರೆದುಕೊಟ್ಟಳು. ಟೀ ಜೊತೆ ನುಂಗಬೇಡಿ, ಗುಣ ಕಾಣಲು ತಿಂಗಳುಗಟ್ಟಲೆ ಬೇಕು, ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ ಎಂದಳು. ಕೊನೆಗೆ ಇನ್ನೊಂದು ಮಾತು ಸೇರಿಸಿದಳು. "ಒಂದೇ ಕಡೆ ತುಂಬಾ ಹೊತ್ತು ಕೂರಬೇಡಿ. ಸಂಜೆ ಮೇಲಂತೂ ಬೇಡವೇ ಬೇಡ."

ನನ್ನ ಗ್ರಹಚಾರ ಕೆಟ್ಟದ್ದು ಆ ಮಾತಿನಿಂದ. ನಾನು ಕೂತು ಮಾಡುವ ಕೆಲಸದವಳು. ಅದಕ್ಕಿಂತ ಹೆಚ್ಚಾಗಿ, ಆ ಕೂರುವುದನ್ನು ಜಗಳವಾಡಿ ತಂದವಳೇ ನಾನು.

ನಮ್ಮದು ಪೀಣ್ಯದ ಒಂದು ಸಣ್ಣ ರಬ್ಬರ್ ಕಾರ್ಖಾನೆ. ಗಾಡಿಗಳ ಇಂಜಿನ್ನಿಗೆ ಹಾಕುವ ಬಳೆಯಂಥ, ಬಿಲ್ಲೆಯಂಥ ರಬ್ಬರ್ ಸಾಮಾನು ಅಲ್ಲಿ ತಯಾರಾಗುತ್ತದೆ. ಅಚ್ಚಿನಿಂದ ತೆಗೆದಾಗ ಅದರ ಅಂಚಿಗೆ ತೆಳ್ಳಗೆ ಹೆಚ್ಚುವರಿ ರಬ್ಬರು ಅಂಟಿಕೊಂಡಿರುತ್ತದೆ. ಅದನ್ನು ಸಣ್ಣ ಕತ್ತರಿಯಿಂದ ಸವರಿ, ದೀಪದ ಕೆಳಗೆ ತಿರುಗಿಸಿ ನೋಡಿ, ಒಳ್ಳೆಯದು ಒಂದು ಟ್ರೇಗೆ, ಕೆಟ್ಟದ್ದು ಇನ್ನೊಂದು ಟ್ರೇಗೆ ಹಾಕುವುದು ಹೆಂಗಸರ ಕೆಲಸ, ಟ್ರಿಮ್ಮಿಂಗ್ ಲೈನು ಅನ್ನುತ್ತಾರೆ. ಉದ್ದನೆಯ ಮೇಜು, ಎರಡೂ ಕಡೆ ನಾವು. ಮೊದಲು ಇಡೀ ಶಿಫ್ಟು ನಿಂತೇ ಮಾಡುತ್ತಿದ್ದೆವು. ಮನೆಗೆ ಹೋಗುವಾಗ ಚಪ್ಪಲಿ ಕಾಲಿಗೆ ಹಿಡಿಸುತ್ತಿರಲಿಲ್ಲ. ಮುಟ್ಟಿನ ದಿನವೂ ನಿಲ್ಲಬೇಕು, ಬಸುರಿಯೂ ನಿಲ್ಲಬೇಕು. ನನ್ನ ಬಾಯಿ ಸ್ವಲ್ಪ ಜೋರು. ಕೂರಲು ಏನಾದರೂ ಕೊಡಿ ಅಂತ ನಾನೇ ಆಫೀಸಿಗೆ ಹೋಗಿ ಕೇಳಿದೆ. ಆಗಲ್ಲ ಅಂದರು. ಇನ್ನೊಮ್ಮೆ ಕೇಳಿದೆ. ನೋಡೋಣ ಅಂದರು. ಒಂದು ದಿನ ಟೀ ಕುಡಿದ ಮೇಲೆ ನಾವೆಲ್ಲ ಟ್ರೇಗಳನ್ನು ನೆಲಕ್ಕೆ ಇಳಿಸಿ, ಅವರೇಕಾಯಿ ಸುಲಿಯುವವರ ಹಾಗೆ ನೆಲದ ಮೇಲೆ ಕಾಲು ಚಾಚಿ ಕೂತೇ ಕತ್ತರಿ ಆಡಿಸಿದೆವು. ಬೈದರು, ನಾವು ಏಳಲಿಲ್ಲ. ಮುಂದಿನ ವಾರ ಸ್ಟೂಲು ಬಂತು.

ಬೆನ್ನಿಲ್ಲದ, ಪ್ಲೈವುಡ್ ಹಲಗೆಯ, ಕಬ್ಬಿಣದ ಕಾಲಿನ ಸ್ಟೂಲು. ಅಷ್ಟೇ. ಆದರೆ ಆ ವರ್ಷ ಆಯುಧಪೂಜೆಯಲ್ಲಿ ಗಂಡಸರು ರಬ್ಬರಿಗೆ ಅಚ್ಚು ಹಾಕುವ ಅವರ ಪ್ರೆಸ್ಸುಗಳಿಗೆ ಕುಂಬಳಕಾಯಿ ಒಡೆಯುವಾಗ ನಾವು ನಮ್ಮ ಸ್ಟೂಲುಗಳಿಗೆ ಕುಂಕುಮ ಇಟ್ಟು ಸೇವಂತಿಗೆ ಹೂ ಕಟ್ಟಿದೆವು. ಪ್ರೆಸ್ಸಿನವರು ನಕ್ಕರು. ನಗಲಿ, ನಿಂತು ಕಾಲು ಊದಿಸಿಕೊಂಡವರು ಅವರಲ್ಲ.

ನನ್ನ ಎದುರಿಗೆ ಕೂರುತ್ತಿದ್ದವಳು ಸಿಂಧನೂರು ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡವಳು, ಹೆಚ್ಚು ಹೊತ್ತು ನಿಂತರೆ ಅವಳ ಕಾಲು ಗುಂಡುಕಲ್ಲಿನ ಹಾಗೆ ಊದುತ್ತಿತ್ತು. ಸ್ಟೂಲು ಬಂದ ದಿನ ಅವಳು ನನ್ನ ಗಲ್ಲ ಹಿಂಡಿ, "ಯವ್ವಾ, ನಿನ ಬಾಯಿಗೆ ಸಕ್ಕರಿ ಹಾಕ್ಬೇಕು ನೋಡು" ಅಂದಿದ್ದಳು. ನಮ್ಮ ಲೈನಿನಲ್ಲಿ ನಾನು ಸ್ನೇಹಿತೆ ಅಂತ ಕರೆಯಬಹುದಾದವಳು ಅವಳೊಬ್ಬಳೇ.

ಆ ಸ್ಟೂಲಿನ ಮೇಲೆಯೇ ನನ್ನ ಕಾಲು ನನ್ನನ್ನು ಕೂರಲು ಬಿಡದೆ ಹೋಯಿತು. ಬೆಳಗಿನ ಶಿಫ್ಟಿನಲ್ಲಿ ಹೇಗೋ ತಳ್ಳುತ್ತಿದ್ದೆ. ಸೆಕೆಂಡ್ ಶಿಫ್ಟಿನ ವಾರ ಬಂದರೆ ನರಕ. ಹೊರಗೆ ಕತ್ತಲಾಗುತ್ತಿದ್ದ ಹಾಗೆ ಕಾಲು ಒಳಗಿನಿಂದ ಕುದಿಯಲು ಶುರು. ಮೇಜಿನ ಕೆಳಗೆ ಕಾಲಿಂದ ಕಾಲು ಅದುಮಿ ಹಿಡಿಯುತ್ತಿದ್ದೆ. ಸ್ಟೂಲಿನ ಅಡ್ಡಪಟ್ಟಿಗೆ ಪಾದ ಸಿಕ್ಕಿಸಿಕೊಳ್ಳುತ್ತಿದ್ದೆ. ಒಂದು ಸಂಜೆ ತಡೆಯಲಾರದೆ ಕಾಲು ಹಾರಿ ಮೇಜಿಗೆ ಬಡಿದು, ಸಿಂಧನೂರಿನವಳು ಸವರಿಟ್ಟಿದ್ದ ಟ್ರೇ ಪೂರ್ತಿ ನೆಲಕ್ಕೆ ಚೆಲ್ಲಿತು. ಅವಳು ಬಗ್ಗಿ ಒಂದೊಂದೇ ಆಯ್ದಳು. ಸೂಪರ್ವೈಸರ್ ಓಡಿ ಬಂದ.

"ಏನಕ್ಕಾ ಆಯ್ತು?"

ನಾನು "ಬೆನ್ನು ನೋವು ಕಣಪ್ಪ, ಕೂತ್ಕೊಳ್ಳೋಕಾಗ್ತಿಲ್ಲ" ಅಂದೆ.

ಏಕೆ ಹಾಗೆ ಹೇಳಿದೆ ಎಂದರೆ, ಕಾರ್ಖಾನೆಯಲ್ಲಿ ಬೆನ್ನು ನೋವು ಅಂದರೆ ಯಾರೂ ಮುಂದೆ ಕೇಳುವುದಿಲ್ಲ. ಮುಟ್ಟಾದರೆ ಬೆನ್ನು ನೋವು, ಗಂಡನ ಜೊತೆ ಜಗಳವಾಗಿ ಅತ್ತು ಬಂದರೆ ಬೆನ್ನು ನೋವು. ಎಲ್ಲರಿಗೂ ಇರುವ ನೋವು, ಯಾರೂ ಪರೀಕ್ಷೆ ಮಾಡಿಸು ಅನ್ನುವುದಿಲ್ಲ. ನರದ ಕಾಯಿಲೆ ಅಂತ ಬಾಯಿಬಿಟ್ಟರೆ ಕತೆ ಬೇರೆ. ನಮ್ಮಲ್ಲೇ ಒಬ್ಬಳಿಗೆ ಫಿಟ್ಸ್ ಇದೆ ಅಂತ ಗೊತ್ತಾದ ಮೇಲೆ ಅವಳು ಮುಂದಿನ ತಿಂಗಳು ಗೇಟಿನ ಒಳಗೆ ಇರಲಿಲ್ಲ.

"ಹಂಗಾದ್ರೆ ನಿಂತ್ಕೊಂಡೇ ಮಾಡಕ್ಕಾ" ಅಂದ ಸೂಪರ್ವೈಸರ್. ನಾನು ಮೇಜಿನ ಮೇಲೆ ಎರಡು ಕ್ರೇಟು ಬೋರಲು ಹಾಕಿ, ಅದರ ಮೇಲೆ ಟ್ರೇ ಇಟ್ಟುಕೊಂಡು ನಿಂತೆ. ಅಬ್ಬಾ! ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ, ಮಧ್ಯೆ ಮಧ್ಯೆ ಹಿಮ್ಮಡಿ ಎತ್ತಿ ಇಳಿಸುತ್ತಾ ಕೆಲಸ ಮಾಡಿದರೆ ಕಾಲು ಸುಮ್ಮನಿತ್ತು. ಕಾಲು ಸುಮ್ಮನಿದ್ದರೆ ಕೈ ಓಡುತ್ತದೆ. ನನ್ನ ಟ್ರೇ ಎಲ್ಲರಿಗಿಂತ ಮೊದಲು ತುಂಬತೊಡಗಿತು. ತುಂಬದಿದ್ದರೆ ಚೆನ್ನಾಗಿತ್ತು.

ಪ್ರೊಡಕ್ಷನ್ ಮ್ಯಾನೇಜರ್ ಆಗಷ್ಟೇ ಸೇರಿದ್ದ ಹುಡುಗ. ಕೊರಳಲ್ಲಿ ಕಾರ್ಡು, ಕೈಯಲ್ಲಿ ಯಾವಾಗಲೂ ಫೋನು. ನಮ್ಮನ್ನೆಲ್ಲ ಅಮ್ಮಾ ಅಮ್ಮಾ ಅಂತ ಬೆಣ್ಣೆಯಲ್ಲಿ ಅದ್ದಿದ ಮಾತಲ್ಲಿ ಕರೆಯುತ್ತಿದ್ದ. ಎಲ್ಲೋ ಟ್ರೈನಿಂಗಿಗೆ ಹೋಗಿ ಬಂದಿದ್ದನಂತೆ, ಅಲ್ಲಿ ನಿಂತು ಕೆಲಸ ಮಾಡುವ ಲೈನೇ ಒಳ್ಳೆಯದು ಅಂತ ಹೇಳಿಕೊಟ್ಟಿದ್ದರಂತೆ. ನನ್ನ ಪಕ್ಕ ಬಂದು ನಿಂತು, ನಾನು ನಿಂತು ಕತ್ತರಿ ಆಡಿಸುವುದನ್ನು ಫೋನಿನಲ್ಲಿ ಸೆರೆಹಿಡಿದುಕೊಂಡ.

"ಅಮ್ಮಾ, ಸೂಪರ್! ಕೂತ್ಕೊಂಡ್ರೆ ಬೆನ್ನು ನೋವು ಬರುತ್ತೆ ಅಂತ ನೀವೇ ಹೇಳಿದ್ರಂತೆ?"

"ನಂಗೆ ಬರುತ್ತೆ ಸಾರ್" ಅಂದೆ.

"ಕರೆಕ್ಟ್. ಅದೇ ನಾನೂ ಹೇಳ್ತಿರೋದು."

ಅವನು ಏನು ಹೇಳುತ್ತಿದ್ದಾನೆ ಎಂದು ಆಗ ನನಗೆ ಹೊಳೆಯಲಿಲ್ಲ. ರಾತ್ರಿ ನಿದ್ದೆ ಇಲ್ಲದ ತಲೆ, ಅಷ್ಟು ಚುರುಕಾಗಿ ಓಡುವುದಿಲ್ಲ. ತಿಂಗಳ ಕೊನೆಗೆ ನನ್ನ ಫೋಟೋ ನೋಟಿಸ್ ಬೋರ್ಡಿಗೆ ಬಂತು, ತಿಂಗಳ ಉತ್ತಮ ಕೆಲಸಗಾರ್ತಿ ಅಂತ. ಚಪ್ಪಾಳೆ ತಟ್ಟಿಸಿ ಕೈಗೆ ಒಂದು ಹಾಟ್‌ಬಾಕ್ಸ್ ಕೊಟ್ಟರು. ಮುಂದಿನ ಸೋಮವಾರ ಶಿಫ್ಟಿಗೆ ಹೋದರೆ ಮೇಜಿನ ಸುತ್ತ ಸ್ಟೂಲು ಒಂದೂ ಇಲ್ಲ. ಮೇಜಿಗೆ ಕಬ್ಬಿಣದ ಕಾಲು ಸೇರಿಸಿ ಎತ್ತರ ಮಾಡಿದ್ದಾರೆ. ಗೋಡೆಗೆ ಹೊಸ ಬೋರ್ಡು: ಹೆಚ್ಚು ಹೊತ್ತು ಕೂತರೆ ಬೆನ್ನು ನೋವು, ನಿಂತು ದುಡಿದರೆ ಆರೋಗ್ಯ. ಪಕ್ಕದಲ್ಲಿ ನನ್ನದೇ ಫೋಟೋ, ಕತ್ತರಿ ಹಿಡಿದು ನಿಂತಿರುವುದು.

ಆ ಹೊತ್ತು ಲೈನಿನಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಸಿಂಧನೂರಿನವಳು ನೋಡಿದಳು. ಕತ್ತರಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೇ ಬಂದು ನಿಂತಳು.

"ಕೊಡಿಸಿದಾಕಿನೂ ನೀನ, ಕಸಗೊಂಡಾಕಿನೂ ನೀನ! ನಿನ ಬೆನ್ನ ನೋವಿಗೆ ನಮ್ಮ ಕುಂಡಿ ಕೆಳಗಿಂದು ಯಾಕ ಕಿತ್ತರು? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ. ಒಂದು ಹಾಟ್‌ಬಾಕ್ಸಿಗೆ ನಮ್ಮನ್ನ ಮಾರ್ಕೊಂಡ್ಯಲ್ಲ!"

"ನಾನೇನು ತೆಗೀರಿ ಅಂತ ಹೇಳಿದ್ನಾ?"

"ಮತ್ತ ಆ ಗ್ವಾಡಿ ಮ್ಯಾಲ ಹಲ್ಲ ಕಿಸದು ನಿಂತಾಕಿ ಯಾರು, ನಿಮ್ಮವ್ವನಾ?"

ಪಿತ್ತ ನೆತ್ತಿಗೇರಿತು. ಅವಳ ಜೊತೆ ನಾನೂ ಬಾಯಿಗೆ ಬಂದದ್ದು ಬೈದೆ. ಹೊಟ್ಟೆಕಿಚ್ಚಿನವಳು ಅಂದೆ, ನಿನಗೆ ಕೈ ಓಡದಿದ್ದರೆ ನಾನೇನು ಮಾಡಲಿ ಅಂದೆ. ಸೂಪರ್ವೈಸರ್ ಮಧ್ಯೆ ಬಂದು ಬಿಡಿಸಿದ. ಅವತ್ತಿನಿಂದ ಅವಳು ಮಾತು ಬಿಟ್ಟಳು. ಲೈನಿನ ಬೇರೆಯವರೂ ಬಿಟ್ಟರು. ಟೀ ಹೊತ್ತಿನಲ್ಲಿ ನಾನು ಹತ್ತಿರ ಹೋದರೆ ಗುಂಪು ಚದುರುತ್ತಿತ್ತು. ನನಗೂ ಹಟ. ಚದುರಿದರೆ ಚದುರಲಿ, ನಾನೇನು ಕದ್ದಿಲ್ಲ, ಅಂದುಕೊಂಡೆ.

ಆದರೆ ಕಣ್ಣು ಇದೆಯಲ್ಲ, ಅದು ಹಟ ಕೇಳುವುದಿಲ್ಲ. ಎದುರಿಗೇ ನಿಂತವಳ ಕಾಲು ಕಾಣುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಅವಳು ಚಪ್ಪಲಿಯ ಪಟ್ಟಿ ಬಿಚ್ಚಿ ನಿಲ್ಲತೊಡಗಿದಳು. ಆಮೇಲೆ ಬರಿಗಾಲಲ್ಲಿ ರಟ್ಟಿನ ಚೂರಿನ ಮೇಲೆ ನಿಂತಳು. ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತುಹೋಗಿತ್ತು. ಒಂದು ದಿನ ತಡೆಯಲಾರದೆ ನೆಲಕ್ಕೆ ಕುಸಿದು ಕೂತಳು. "ಏಳಮ್ಮಾ, ಕ್ಯಾಮೆರಾದಲ್ಲಿ ಕಾಣುತ್ತೆ" ಅಂದ ಸೂಪರ್ವೈಸರ್. ಮೇಜಿನ ಅಂಚು ಹಿಡಿದುಕೊಂಡು ಎದ್ದಳು. ಅವಳಿಗೆ ನಿಲ್ಲಲು ಆಗುವುದಿಲ್ಲ, ನನಗೆ ಕೂರಲು ಆಗುವುದಿಲ್ಲ. ಅವಳಿಗೆ ಬೇಕಾದ್ದನ್ನು ನನ್ನ ಸುಳ್ಳು ಬೆನ್ನು ನೋವು ತೋರಿಸಿ ಕಿತ್ತುಕೊಂಡಿದ್ದರು.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. "ನಿಂಗ್ಯಾಕೆ ಊರ ಉಸಾಬರಿ? ನಿಂತ್ಕೊಂಡು ಮಾಡಿದ್ರೆ ನಿನ್ ಕಾಲಿಗೆ ಒಳ್ಳೇದು ತಾನೇ, ಬಾಯಿ ಮುಚ್ಕೊಂಡಿರು" ಅಂದರು. ಬುದ್ಧಿವಂತರ ಮಾತು. ನಾನೂ ಹಾಗೇ ಇರಬಹುದಿತ್ತು. ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವರಿಗೆ ಸ್ಟೂಲು ಇಲ್ಲ. ಇದಿಷ್ಟೇ ಲೆಕ್ಕ. ನಿದ್ದೆ ಬಾರದವಳಿಗೆ ಒಂದು ಅನುಕೂಲ ಇದೆ, ಇಂಥದ್ದನ್ನು ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ. ಎಷ್ಟು ನಡೆದರೂ ನನಗೆ ಧೈರ್ಯ ಬರಲಿಲ್ಲ. ಕೋಪ ಮಾತ್ರ ಬಂತು. ಕಾಲಿನ ಮೇಲೆ ಕೋಪ, ಆ ಹುಡುಗನ ಮೇಲೆ ಕೋಪ, ಸಿಂಧನೂರಿನವಳು ಒಂದು ಸಲ ಬಂದು ನಿನಗೇನಾಗಿದೆ ಅಂತ ಕೇಳಲಿಲ್ಲವಲ್ಲ ಅಂತ ಅವಳ ಮೇಲೂ ಕೋಪ.

ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯವರು ಒಂದು ಮಧ್ಯಾಹ್ನ ಕಾರ್ಖಾನೆ ನೋಡಲು ಬಂದರು. ಮೂರು ಜನ ಗಂಡಸರು, ಒಬ್ಬರು ಮೇಡಂ. ನೆಲಕ್ಕೆ ಹೊಸ ಹಳದಿ ಗೆರೆ ಎಳೆಸಿದ್ದರು, ನಮಗೆಲ್ಲ ಒಗೆದ ಏಪ್ರನ್ ಕೊಟ್ಟಿದ್ದರು. ಮ್ಯಾನೇಜರ್ ಹುಡುಗ ಅವರನ್ನು ಸೀದಾ ನಮ್ಮ ಲೈನಿಗೆ ಕರೆದುಕೊಂಡು ಬಂದ. ಇಂಗ್ಲಿಷಿನಲ್ಲಿ ಏನೇನೋ ಹೇಳಿ, ಗೋಡೆಯ ಫೋಟೋ ತೋರಿಸಿ, ನನ್ನ ಕಡೆ ಕೈ ಮಾಡಿದ.

"ಇವರೇ ಇದನ್ನ ಶುರು ಮಾಡಿದ್ದು. ಅಮ್ಮಾ, ಹೇಳಿ, ನಿಂತ್ಕೊಂಡು ಕೆಲಸ ಮಾಡಿದ್ರೆ ಹೇಗಿದೆ? ಧೈರ್ಯವಾಗಿ ಹೇಳಿ."

ಧೈರ್ಯವಾಗಿ ಹೇಳಿ ಅಂದನಲ್ಲ, ಅದೇ ತಪ್ಪಾಯಿತು ಅವನದು. ಎದುರಿಗೆ ಸಿಂಧನೂರಿನವಳು ತಲೆ ಎತ್ತದೆ ರಬ್ಬರು ಸವರುತ್ತಿದ್ದಳು. ನಾನು ಕತ್ತರಿ ಕೆಳಗಿಟ್ಟೆ.

"ನಂಗೆ ಚೆನ್ನಾಗಿದೆ ಸಾರ್. ಯಾಕಂದ್ರೆ ನಂಗೆ ಕಾಯ್ಲೆ ಇದೆ."

ಹುಡುಗನ ಮುಖದ ನಗು ಅಲ್ಲೇ ನಿಂತಿತು.

"ಬೆನ್ನು ನೋವು ಅಂದಿದ್ದು ಸುಳ್ಳು. ನಂಗಿರೋದು ಕಾಲಿನ ಕಾಯ್ಲೆ, ನರದ್ದು. ಕೂತ್ರೆ ಕಾಲು ಕುಣಿಯುತ್ತೆ. ಮಲಗಿದ್ರೂ ಕುಣಿಯುತ್ತೆ. ಎಷ್ಟೋ ತಿಂಗಳಿಂದ ನಾನು ಒಂದು ರಾತ್ರಿ ನೆಟ್ಟಗೆ ನಿದ್ದೆ ಮಾಡಿಲ್ಲ. ಅದಕ್ಕೇ ನಿಂತಿದೀನಿ, ಇಷ್ಟ ಬಂದು ನಿಂತಿಲ್ಲ. ಆದ್ರೆ ಇವರಿಗೇನು ಬಂದಿದೆ ರೋಗ? ಇವರನ್ನ ಯಾಕೆ ನಿಲ್ಸಿದೀರಿ? ಇವಳ ಕಾಲು ನೋಡಿ ಸಾರ್, ನೋಡಿ ಮೇಡಂ, ಬಗ್ಗಿ ನೋಡಿ!"

ಸಿಂಧನೂರಿನವಳು ಗಾಬರಿಯಾಗಿ ಸೀರೆ ಕೆಳಗೆ ಎಳೆದುಕೊಂಡಳು. ಆದರೆ ರಟ್ಟಿನ ಮೇಲಿನ ಬರಿಗಾಲು ಎಲ್ಲಿಗೆ ಹೋಗುತ್ತದೆ? ಗಂಡಸರು ತಮ್ಮ ತಮ್ಮ ಬೂಟು ನೋಡಿಕೊಂಡರು. ಮೇಡಂ ಮಾತ್ರ ಬಗ್ಗಿ ನೋಡಿದರು. ನೋಡಿ, "ಇವರು ಕೂರೋಕೆ ಏನಿಟ್ಟಿದೀರಿ?" ಅಂತ ಕನ್ನಡದಲ್ಲೇ ಕೇಳಿದರು. ಹುಡುಗ ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿದ. ನಾನೇ ಹೇಳಿದೆ, "ಸ್ಟೋರಿನ ಹಿಂದೆ ಟಾರ್ಪಾಲ್ ಮುಚ್ಚಿ ಇಟ್ಟಿದಾರೆ ಮೇಡಂ, ಬನ್ನಿ ತೋರಿಸ್ತೀನಿ." ಅವರನ್ನು ಕರೆದುಕೊಂಡು ಹೋಗಿ ಟಾರ್ಪಾಲ್ ಎತ್ತಿ ತೋರಿಸಿಯೂ ಬಂದೆ. ವಾಪಸ್ ಬಂದು ಕತ್ತರಿ ಎತ್ತಿಕೊಂಡು, ತಲೆ ಎತ್ತದೆ ಸವರತೊಡಗಿದೆ. ಹೆದರಿಕೆಯಿಂದಲೇ, ಇನ್ನೇನು.

ವಾರದೊಳಗೆ ಸ್ಟೂಲು ಬಂತು. ಅದಕ್ಕಿಂತ ಮೊದಲು ನನಗೆ ಕ್ಯಾಬಿನ್ನಿಗೆ ಕರೆ ಬಂತು. ಹುಡುಗ ಈಗ ಅಮ್ಮಾ ಅನ್ನಲಿಲ್ಲ.

"ಕಾಯಿಲೆ ಮುಚ್ಚಿಟ್ಟಿದೀರಿ. ಹೀಗಿರೋರ ಕೈಗೆ ಕತ್ತರಿ ಕೊಟ್ಟು ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ಕಾಯ್ಲೆ ಇರೋದು ಕಾಲಿಗೆ ಸಾರ್, ಕತ್ತರಿ ಹಿಡಿಯೋದು ಕೈಯಲ್ಲಿ."

"ವಾದ ಬೇಡ. ಟ್ರಿಮ್ಮಿಂಗಿಗೆ ನೀವು ಅನ್‌ಫಿಟ್. ಡಿಸ್ಪ್ಯಾಚಿಗೆ ಹೋಗಿ, ಇಲ್ಲಾಂದ್ರೆ ಮನೆಗೆ ಹೋಗಿ. ನೀವೇ ನೋಡ್ಕೊಳ್ಳಿ."

ಡಿಸ್ಪ್ಯಾಚ್ ಅಂದರೆ ಪೆಟ್ಟಿಗೆಗೆ ಟೇಪು ಅಂಟಿಸಿ, ಹೊತ್ತು, ಗಾಡಿಯ ಹತ್ತಿರ ಪೇರಿಸುವುದು. ಕೈಯಲ್ಲಿ ವಿದ್ಯೆ ಇಲ್ಲದ ಯಾರು ಬೇಕಾದರೂ ಮಾಡಬಹುದು. ಇಷ್ಟು ವರ್ಷ ರಬ್ಬರಿನ ಕೂದಲೆಳೆಯಷ್ಟು ಸೀಳನ್ನು ದೀಪದ ಕೆಳಗೆ ಕಂಡುಹಿಡಿಯುತ್ತಿದ್ದವಳು ನಾನು. ಕತ್ತರಿಯನ್ನು ಸೂಪರ್ವೈಸರ್ ಕೈಗೆ ಒಪ್ಪಿಸು ಅಂದರು. ಹೆಬ್ಬೆರಳಿಗೆ ಒತ್ತದಿರಲಿ ಅಂತ ಅದರ ಹಿಡಿಗೆ ನಾನು ಬಟ್ಟೆ ಸುತ್ತಿದ್ದೆ. ಒಪ್ಪಿಸಿ, ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಅವಮಾನಕ್ಕೆ ಅತ್ತೆ. ಥೂ, ಯಾರಿಗೋಸ್ಕರ ಬಾಯಿ ತೆಗೆದೆ, ಒಬ್ಬಳಾದರೂ ಬಂದು ಅಕ್ಕಾ ಅಂದಳಾ, ಅಂತ ನಲ್ಲಿಗೇ ಬೈದೆ. ಮುಖ ತೊಳೆದುಕೊಂಡು ಡಿಸ್ಪ್ಯಾಚಿಗೆ ಹೋದೆ.

ಕಾಲಿಗೆ ಮಾತ್ರ ಹಬ್ಬ. ಇಡೀ ಶಿಫ್ಟು ನಡೆಯುವುದೇ ಕೆಲಸ. ರಾತ್ರಿ ಮನೆಯಲ್ಲಿ ಅದರ ಕುಣಿತ ಇದ್ದೇ ಇದೆ, ಕಬ್ಬಿಣದ ಮಾತ್ರೆಯಿಂದ ಹತ್ತರಲ್ಲಿ ಎರಡು ರಾತ್ರಿ ಸ್ವಲ್ಪ ಸೋತ ಹಾಗೆ ಕಾಣುತ್ತದೆ, ಮಿಕ್ಕ ಎಂಟು ರಾತ್ರಿ ನಾನೇ ಸೋಲುತ್ತೇನೆ. ಈಗ ಅದರ ಜೊತೆಗೆ ಸೊಂಟ ಬೇರೆ ಹಿಡಿದುಕೊಂಡಿದೆ. ಸುಳ್ಳಾಗಿ ಹೇಳಿದ ಬೆನ್ನು ನೋವು ನಿಜವಾಗಿಯೇ ಬಂತು. ಸೊಂಟಕ್ಕೆ ಮಾತ್ರೆ ನುಂಗಿದರೆ ಅದು ಕೇಳುತ್ತದೆ. ಪಕ್ಕದಲ್ಲೇ ಇರುವ ಕಾಲು ಕೇಳುವುದಿಲ್ಲ. ಒಂದೇ ಮೈಯಲ್ಲಿ ಇಷ್ಟು ಭೇದ ಯಾಕೋ, ಆ ಶಿವನೇ ಬಲ್ಲ.

ಡಿಸ್ಪ್ಯಾಚಿನಿಂದ ನೋಡಿದರೆ ಟ್ರಿಮ್ಮಿಂಗ್ ಲೈನು ನೇರವಾಗಿ ಕಾಣುತ್ತದೆ. ಮೇಜನ್ನು ಮತ್ತೆ ತಗ್ಗಿಸಿದ್ದಾರೆ. ಎಲ್ಲರೂ ಕೂತಿರುತ್ತಾರೆ. ನಿಜ ಹೇಳುತ್ತೇನೆ, ಅವರನ್ನು ನೋಡಿದರೆ ನನಗೆ ಸಂತೋಷ ಆಗುತ್ತಿರಲಿಲ್ಲ. ಮತ್ಸರ ಆಗುತ್ತಿತ್ತು. ಕೂತುಕೊಳ್ಳುವುದು ಎಂಥ ಸುಖ ಎಂದು ಕೂತವರಿಗೆ ಗೊತ್ತಿಲ್ಲ.

ಹೀಗೇ ಒಂದು ಸೆಕೆಂಡ್ ಶಿಫ್ಟು. ಊಟದ ಬೆಲ್ ಆಯಿತು. ಉಳಿದವರು ತಮ್ಮ ಜಾಗದಲ್ಲೇ ಡಬ್ಬಿ ಬಿಚ್ಚಿದರು. ನಾನು ಪೆಟ್ಟಿಗೆಗಳ ಸಾಲಿನ ಪಕ್ಕ, ಒಂದು ಪೆಟ್ಟಿಗೆಯ ಮೇಲೆ ಡಬ್ಬಿ ಇಟ್ಟುಕೊಂಡು ನಿಂತೇ ಅನ್ನ ಕಲಸಿಕೊಳ್ಳುತ್ತಿದ್ದೆ. ಸಿಂಧನೂರಿನವಳು ಬಂದಳು. ಜಗಳವಾದ ದಿನದಿಂದ ಅವಳು ನನ್ನ ಹತ್ತಿರ ಬಂದದ್ದು ಅದೇ ಮೊದಲು. ಡಬ್ಬಿಯನ್ನು ನನ್ನ ಡಬ್ಬಿಯ ಪಕ್ಕ ಇಟ್ಟಳು, ಜೋಳದ ರೊಟ್ಟಿ ಮುರಿದು ಅರ್ಧ ನನ್ನ ಮುಚ್ಚಳದಲ್ಲಿ ಹಾಕಿದಳು, ಮೇಲೆ ಶೇಂಗಾ ಚಟ್ನಿ ಉದುರಿಸಿದಳು. ಆಮೇಲೆ ನನ್ನ ಪಕ್ಕದಲ್ಲೇ ನಿಂತು ತಿನ್ನತೊಡಗಿದಳು.

ನಾನು ಅವಳ ಕಾಲು ನೋಡಿದೆ. ಆಗಲೇ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದ್ದಳು.

"ಯಾಕೆ ನಿಂತೆ?" ಅಂದೆ.

"ನೀ ನಿಂತೀಯಲ್ಲ."

ಎಲ್ಲಿತ್ತೋ ಆ ಸಿಟ್ಟು. ನನ್ನ ಬಾಯಿಂದ ಬಂದ ಸದ್ದಿಗೆ ಲೈನಿನವರೆಲ್ಲ ತಿರುಗಿ ನೋಡಿದರು.

"ನಂಗೆ ರೋಗ, ನಿಂತಿದೀನಿ! ನಿಂಗೇನು ಬಂದಿದೆ ದಾಡಿ? ಆ ಸ್ಟೂಲಿಗೋಸ್ಕರ ನನ್ನ ಕತ್ತರಿ ಕಳ್ಕೊಂಡು ಇಲ್ಲಿ ಪೆಟ್ಟಿಗೆ ಹೊರ್ತಿರೋದು ನಾನು. ಅದನ್ನ ಖಾಲಿ ಬಿಟ್ಟು ಇಲ್ಲಿ ಬಂದು ನಿಂತ್ಕೊಂಡು ತಿಂತಾಳಂತೆ! ಹೋಗು, ಹೋಗಿ ಕೂತ್ಕೊಂಡು ತಿನ್ನು!"

ಅವಳು ನನ್ನ ಮುಖವನ್ನೇ ನೋಡಿದಳು. ಕಣ್ಣು ತುಂಬಿತ್ತು, ಆದರೆ ಮಾತು ಬಿಡುವವಳಲ್ಲ.

"ಬಾಯಿ ಒಂದು ಕಡಿಮಿ ಇಲ್ಲ ನೋಡು ನಿನಗ" ಅಂದಳು.

ಡಬ್ಬಿ ಎತ್ತಿಕೊಂಡು ಹೋದಳು. ತನ್ನ ಸ್ಟೂಲು ಎಳೆದುಕೊಂಡು, ನನ್ನ ಕಡೆಗೇ ಮುಖ ಮಾಡಿ ಕೂತಳು. ಊದಿದ ಪಾದ ಎರಡನ್ನೂ ಅಡ್ಡಪಟ್ಟಿಯ ಮೇಲೆ ಎತ್ತಿಟ್ಟುಕೊಂಡು ರೊಟ್ಟಿ ಬಾಯಿಗಿಟ್ಟಳು. ಅವಳು ತಿಂದು ಮುಗಿಸುವವರೆಗೂ ನೋಡುತ್ತಾ, ನಾನು ನಿಂತು ಅವಳ ರೊಟ್ಟಿ ತಿಂದೆ.